ಅಮಿನಿಗೆ ಹೊರಟ ಅಕ್ಕಿ ಮುಡಿ

ದ್ವೀಪಕ್ಕೆ ಏನು ಕಟ್ಟಬೇಕು ಎಂದು ಮಂಗಳೂರಿನ ಹಳೆ ಬಂದರಿನಲ್ಲಿ ಕೇಳಿದರೆ ಮೊದಲು ಬರುವ ಉತ್ತರ ಅಕ್ಕಿ. ನನ್ನ ಅಕ್ಕನ ಮಗ ಹೆಂಡತಿ ಮಕ್ಕಳ ಜೊತೆ ಲಕ್ಷದ್ವೀಪದ ಕಡಮತ್ತಿಗೆ ಹೊರಟಿದ್ದಾನೆ. "ಮಾವ, ಏನೆಲ್ಲ ತಕೊಂಡು ಹೋಗ್ಬೇಕು?" ಎಂದು ಫೋನು ಮಾಡಿದ. ಅವನ ತಲೆಯಲ್ಲಿದ್ದದ್ದು ಈಜುಡುಗೆ, ಕಪ್ಪು ಕನ್ನಡಕ, ಬಿಸಿಲಿಗೆ ಹಚ್ಚುವ ಕ್ರೀಮು. ನನಗೆ ನೆನಪಾದದ್ದು ಬೈಹುಲ್ಲಿನ ಮುಡಿ, ಮಣ್ಣಿನ ಮಡಕೆ, ಹೊಗೆಸೊಪ್ಪು. ನಮ್ಮ ಅಪ್ಪ ಬಂದರಿನ ಒಂದು ಅಕ್ಕಿ ಮಂಡಿಯಲ್ಲಿ ರೈಟರ್ ಆಗಿದ್ದರು. ದ್ವೀಪದ ಗಿರಾಕಿಗಳ ಲೆಕ್ಕವೆಲ್ಲ ಅವರ ಕೈಯಲ್ಲೇ ಇರುತ್ತಿತ್ತು. ಹಾಗಾಗಿ ಅವನ ಪ್ರಶ್ನೆಗೆ ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸಲು ನನ್ನಿಂದ ಆಗಲಿಲ್ಲ.

ನಮ್ಮ ಜಿಲ್ಲೆಯವರೇ ಮರೆತಿರುವ ಒಂದು ಸಂಗತಿಯಿಂದ ಶುರುಮಾಡಬೇಕು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಎಂಬ ಐದು ದ್ವೀಪಗಳ ಗುಂಪಿಗೆ ಅಮಿನ್‌ದೀವಿ ಎಂದು ಹೆಸರು. 1956ರ ಅಕ್ಟೋಬರ್ ಕೊನೆಯವರೆಗೆ ಈ ಐದೂ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು. ಮಂಗಳೂರಿನ ಕಲೆಕ್ಟರೇ ದ್ವೀಪದವರಿಗೂ ಕಲೆಕ್ಟರು. ಮಂಗಳೂರಿನಿಂದ ಅಮಿನಿಗೆ ಸುಮಾರು 300 ಕಿಲೋಮೀಟರ್ ಸಮುದ್ರ. ಕಿಲ್ತಾನ್ ಇನ್ನೂ ಸ್ವಲ್ಪ ಹತ್ತಿರ. ಅಷ್ಟು ನೀರು ದಾಟಿ ಅವರು ತಾಲೂಕು ಕಚೇರಿಯ ಕೆಲಸಕ್ಕೂ, ಸಂತೆಗೂ, ಅಕ್ಕಿಗೂ ಇಲ್ಲಿಗೇ ಬರಬೇಕಿತ್ತು.

ಅಕ್ಕಿ ಯಾಕೆ? ಆ ದ್ವೀಪಗಳ ನೆಲ ಹವಳದ ಪುಡಿ, ಹವಳದ ಮರಳು. ಸಮುದ್ರದ ಮಟ್ಟದಿಂದ ಕೆಲವೇ ಮೀಟರ್ ಎತ್ತರ. ಹೊಳೆ ಇಲ್ಲ, ಗದ್ದೆ ಇಲ್ಲ. ಮಳೆಯ ಸಿಹಿನೀರು ಮರಳಿನೊಳಗೆ ಇಳಿದು, ಕೆಳಗಿನ ಉಪ್ಪುನೀರಿನ ಮೇಲೆ ತೆಳುವಾದ ಒಂದು ಪದರವಾಗಿ ನಿಲ್ಲುತ್ತದೆ. ಬಾವಿಯೆಂದರೆ ಆ ಪದರಕ್ಕೆ ತೋಡಿದ ಆಳವಿಲ್ಲದ ಗುಂಡಿ. ಹೆಚ್ಚು ಸೇದಿದರೆ ಉಪ್ಪು ಮೇಲೆ ಬರುತ್ತದೆ. ಅಂಥ ನೆಲದಲ್ಲಿ ತೆಂಗು ಹುಲುಸಾಗಿ ಬೆಳೆಯುತ್ತದೆ, ಸುತ್ತಲಿನ ಸಮುದ್ರದಲ್ಲಿ ಮೀನು ಧಾರಾಳ. ಅನ್ನಕ್ಕೆ ಮಾತ್ರ ದಡವೇ ಗತಿ. ಅನ್ನ ಬೇಯಿಸುವ ಮಡಕೆಗೂ ಅಷ್ಟೇ, ಏಕೆಂದರೆ ಅಲ್ಲಿ ಜೇಡಿಮಣ್ಣಿಲ್ಲ. ಮಸಾಲೆ ಅರೆಯಲು ಕಡೆಯುವ ಕಲ್ಲು ಬೇಕಾದರೆ ಅದೂ ದಡದಿಂದಲೇ ಬರಬೇಕು, ಹವಳದ ಕಲ್ಲಿನಲ್ಲಿ ಅರೆದರೆ ಮಸಾಲೆಗಿಂತ ಸುಣ್ಣವೇ ಹೆಚ್ಚಾದೀತು. ತೆಂಗಿನಕಾಯಿ ಕೊಯ್ಯುವ ಕತ್ತಿಗೆ ಕಬ್ಬಿಣ, ಓಡ ಕಟ್ಟುವ ಮರದ ಬಹುಪಾಲು, ಉಡುವ ಬಟ್ಟೆ, ಎಲ್ಲವೂ ಹೊರಗಿನಿಂದಲೇ. ಪ್ರವಾಸಿಗರಿಗೆ ಇಂಥ ದ್ವೀಪವನ್ನು ಸ್ವರ್ಗ ಎಂದು ಪರಿಚಯಿಸುತ್ತಾರೆ. ಅಲ್ಲಿ ಸಂಸಾರ ಮಾಡಿದವರಿಗೆ ಪ್ರತಿ ಹಿಡಿ ಅಕ್ಕಿಯೂ ಸಮುದ್ರ ದಾಟಿ ಬಂದದ್ದು ಎಂಬ ಅರಿವು ಸದಾ ಇರುತ್ತಿತ್ತು.

ಈ ಅಕ್ಕಿಯನ್ನು ನಮ್ಮ ಕಡೆಯವರು ಕಟ್ಟುತ್ತಿದ್ದ ಬಗೆಯನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಗೋಣಿಚೀಲ ಬರುವುದಕ್ಕೆ ಮೊದಲು, ಬಂದಮೇಲೂ ಬಹಳ ಕಾಲ, ದಕ್ಷಿಣ ಕನ್ನಡದಲ್ಲಿ ಅಕ್ಕಿಯೆಂದರೆ ಮುಡಿ. ಅಂಗಳದಲ್ಲಿ ಉದ್ದನೆಯ ಬೈಹುಲ್ಲನ್ನು ಚಕ್ರದ ಕಡ್ಡಿಗಳ ಹಾಗೆ ನಡುವಿನಿಂದ ಸುತ್ತಲೂ ಹರಡುತ್ತಾರೆ. ನಡುವೆ ಕಳಸೆಯಲ್ಲಿ ಅಳೆದ ಅಕ್ಕಿ ಸುರಿಯುತ್ತಾರೆ. ಒಂದು ಕಳಸೆಗೆ 14 ಸೇರು, ಮೂರು ಕಳಸೆಗೆ ಒಂದು ಮುಡಿ, ಅಂದರೆ 42 ಸೇರು. ಹುಲ್ಲಿನ ತುದಿಗಳನ್ನೆಲ್ಲ ಮೇಲಕ್ಕೆತ್ತಿ ಜುಟ್ಟು ಕಟ್ಟಿ, ಹುಲ್ಲಿನದೇ ಹಗ್ಗದಿಂದ ಅಡ್ಡ ಉದ್ದ ಬಿಗಿಯುತ್ತಾರೆ. ಒಬ್ಬ ಕಾಲು ಕೊಟ್ಟು ಹಗ್ಗ ಎಳೆಯುವಾಗ ಇನ್ನೊಬ್ಬ ಮರದ ಕೊಡತಿಯಿಂದ ಸುತ್ತಲೂ ಬಡಿಯುತ್ತಾನೆ. ಪ್ರತಿ ಪೆಟ್ಟಿಗೂ ಒಳಗಿನ ಅಕ್ಕಿ ಕುಳಿತು ಹಗ್ಗಕ್ಕೆ ಇನ್ನಷ್ಟು ಜಾಗ ಬಿಡುತ್ತದೆ. ಕೊನೆಗೆ ಮುಡಿ ದುಂಡಗೆ, ಗಟ್ಟಿಯಾಗಿ, ಉರುಳಿಸಿದರೂ ಒಂದು ಕಾಳು ಚೆಲ್ಲದಂತೆ ನಿಲ್ಲುತ್ತದೆ. ಒಳ್ಳೆಯ ಕೈಯಲ್ಲಿ ಕಟ್ಟಿದ ಮುಡಿಯಲ್ಲಿ ಅಕ್ಕಿ ಮಳೆಗಾಲ ಕಳೆದರೂ ಹುಳ ಹಿಡಿಯದೆ, ತಂಡಿ ತಗಲದೆ ಉಳಿಯುತ್ತದೆ. ಬೀಜದ ಭತ್ತವನ್ನೂ ಹೀಗೇ ಇಡುತ್ತಿದ್ದರು. ಸಮುದ್ರದ ಹಾದಿಗೆ ಇದಕ್ಕಿಂತ ಯೋಗ್ಯವಾದ ಕಟ್ಟು ಇನ್ನೊಂದು ಇರಲಿಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

1801ರಲ್ಲಿ ಈ ಕರಾವಳಿಯಲ್ಲಿ ಓಡಾಡಿದ ಫ್ರಾನ್ಸಿಸ್ ಬುಕಾನನ್, ಕೆನರಾದಿಂದ ಹೊರಗೆ ಹೋಗುವ ಸರಕುಗಳಲ್ಲಿ ಅಕ್ಕಿಯೇ ದೊಡ್ಡದು ಎಂದು ದಾಖಲಿಸಿದ್ದಾನೆ. ಗೋವೆ, ಮಲಬಾರ್, ಮುಂಬಯಿ, ಮಸ್ಕತ್ತಿನವರೆಗೆ ನಮ್ಮ ಅಕ್ಕಿ ಹೋಗುತ್ತಿತ್ತು. ಆ ದೊಡ್ಡ ವ್ಯಾಪಾರದ ನಡುವೆ ಅಮಿನಿಯ ಓಡಗಳು ಒಯ್ಯುತ್ತಿದ್ದುದು ಲೆಕ್ಕಕ್ಕೆ ಸಿಗದಷ್ಟು ಸಣ್ಣ ಪಾಲು. ಆದರೆ ಮಸ್ಕತ್ತಿಗೆ ಒಂದು ಹಡಗು ತಪ್ಪಿದರೆ ವರ್ತಕನಿಗೆ ನಷ್ಟ, ಅಮಿನಿಗೆ ಒಂದು ಓಡ ತಪ್ಪಿದರೆ ಊರಿಗೆ ಉಪವಾಸ.

ಓಡವೆಂದರೆ ಹಲಗೆಗಳನ್ನು ಕತ್ತದ ಹುರಿಯಿಂದ ಹೊಲಿದು ಕಟ್ಟಿದ ಹಾಯಿದೋಣಿ. ಮೊಳೆ ಬಡಿಯುವ ಪದ್ಧತಿ ಹಿಂದೆ ಇರಲಿಲ್ಲ. ಹೊಲಿದ ಹಲಗೆ ಅಲೆಗೆ ಸ್ವಲ್ಪ ಬಾಗುತ್ತದೆ, ಹವಳದ ದಂಡೆಗೆ ತಾಗಿದರೆ ಒಮ್ಮೆಗೇ ಸೀಳುವುದಿಲ್ಲ. ಮಳೆಗಾಲ ಮುಗಿದು ಗಾಳಿ ತಿರುಗಿದ ಮೇಲೆ ಅವರು ಹಾಯಿ ಬಿಚ್ಚುತ್ತಿದ್ದರು. ನಕ್ಷತ್ರ ನೋಡಿ ದಿಕ್ಕು ಹಿಡಿಯುವುದು ವಾಡಿಕೆ. ದಾರಿಯ ಲೆಕ್ಕ ಬರೆದಿಟ್ಟ ರಹ್ಮಾನಿ ಎಂಬ ಕೈಬರಹದ ಪುಸ್ತಕಗಳು ಮಾಲುಮಿಗಳ ಮನೆಗಳಲ್ಲಿದ್ದವು. ಬರುವಾಗ ಹಗುರಾದ ಕತ್ತ, ತೆಂಗಿನಕಾಯಿ, ಕೊಬ್ಬರಿ, ಒಣಮೀನು. ಹೋಗುವಾಗ ಭಾರದ ಅಕ್ಕಿ. ನೇತ್ರಾವತಿ ಮತ್ತು ಗುರುಪುರ ಹೊಳೆಗಳು ಸೇರಿ ಸಮುದ್ರಕ್ಕೆ ಬೀಳುವ ಅಳಿವೆಯಲ್ಲಿ ಮರಳ ದಿಬ್ಬ ಇದೆ. ಭರ್ತಿ ಹೇರಿದ ದೋಣಿ ಅದನ್ನು ದಾಟುವುದು ಯಾವತ್ತೂ ಎದೆ ಢವಗುಟ್ಟಿಸುವ ಕೆಲಸ.

ಇನ್ನು ಆ ಕತ್ತದ ಕತೆ. ತೆಂಗಿನ ಸಿಪ್ಪೆಯನ್ನು ಅಲ್ಲಿನವರು ದ್ವೀಪದ ಒಳಗಡಲ ಅಂಚಿನ ಮರಳಿನಲ್ಲಿ ಹೊಂಡ ತೋಡಿ ಹೂಳುತ್ತಾರೆ. ಮೇಲೆ ಕಲ್ಲು ಹೇರುತ್ತಾರೆ. ಹತ್ತು ಹನ್ನೆರಡು ತಿಂಗಳು ಅದು ಉಬ್ಬರ ಇಳಿತದ ಉಪ್ಪುನೀರಿನಲ್ಲಿ ಕೊಳೆಯಬೇಕು. ಆಮೇಲೆ ಹೆಂಗಸರು ಅದನ್ನು ತೆಗೆದು ಬಡಿದು, ನಾರು ಬಿಡಿಸಿ, ಒಣಗಿಸಿ, ಅಂಗೈಗಳ ನಡುವೆ ಹೊಸೆದು ಹುರಿ ಮಾಡುತ್ತಿದ್ದರು. ಹೊಳೆಯ ಕೆಸರಿನಲ್ಲಿ ಕೊಳೆಸಿದ ನಾರು ಕಪ್ಪಾಗುತ್ತದೆ. ಶುದ್ಧ ಸಮುದ್ರದ ನೀರು ಕಂಡ ದ್ವೀಪದ ನಾರು ಹೊಂಬಣ್ಣ. ಹಡಗಿನ ಹಗ್ಗಕ್ಕೆಂದು ಅದಕ್ಕೆ ಎಲ್ಲಿಲ್ಲದ ಬೇಡಿಕೆ. ಅನ್ನದ ದಾರಿ ಇಡೀ ದ್ವೀಪಕ್ಕೆ ಆ ಹೆಂಗಸರ ಅಂಗೈಯಿಂದಲೇ ಹೊರಡುತ್ತಿತ್ತು.

ಹೀಗಿರುವಾಗ ಆಳುವವರ ಕಣ್ಣು ಕತ್ತದ ಮೇಲೆ ಬೀಳದಿರುತ್ತದೆಯೇ? ದ್ವೀಪಗಳು ಕಣ್ಣೂರಿನ ಅರಕ್ಕಲ್ ಮನೆತನದ ಕೈಯಲ್ಲಿದ್ದಾಗ, 18ನೇ ಶತಮಾನದಲ್ಲಿ, ಕತ್ತವನ್ನು ಅರಮನೆಗೆ ಬಿಟ್ಟು ಬೇರೆ ಯಾರಿಗೂ ಮಾರಬಾರದೆಂಬ ಕಟ್ಟಳೆ ಬಂತು. ಬೆಲೆ ಅವರು ಹೇಳಿದ್ದೇ. ಬೇಸತ್ತ ಅಮಿನಿಯವರು 1780ರ ದಶಕದಲ್ಲಿ ಟಿಪ್ಪು ಸುಲ್ತಾನನ ಮೊರೆ ಹೋದರು. ಟಿಪ್ಪು ಅಮಿನ್‌ದೀವಿಯ ದ್ವೀಪಗಳನ್ನು ತನ್ನ ಆಡಳಿತಕ್ಕೆ ತೆಗೆದುಕೊಂಡ. ಕಣ್ಣೂರಿನವರಿಗೆ ಬದಲಿಗೆ ಚಿರಕ್ಕಲ್ ಸೀಮೆಯಲ್ಲಿ ಜಹಗೀರು ಕೊಟ್ಟ. ಪುಟ್ಟ ದೋಣಿಗಳಲ್ಲಿ ಬಂದ ಕೆಲವರು ತಮ್ಮ ದೊರೆಯನ್ನೇ ಬದಲಿಸಿಕೊಂಡ ಈ ಘಟನೆ ನಮ್ಮ ಶಾಲೆಯ ಪಾಠಗಳಲ್ಲಿ ಒಂದು ಸಾಲಿನಷ್ಟೂ ಇರಲಿಲ್ಲ. ಇರಬೇಕಿತ್ತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಕೆನರಾದ ಜೊತೆಗೆ ಈ ದ್ವೀಪಗಳೂ ಈಸ್ಟ್ ಇಂಡಿಯಾ ಕಂಪನಿಗೆ ಸೇರಿದವು. ಕೆನರಾದ ಮೊದಲ ಕಲೆಕ್ಟರ್ ಥಾಮಸ್ ಮನ್ರೋ. ಅಗತ್ತಿ, ಕವರತ್ತಿ, ಆಂಡ್ರೋತ್, ಕಲ್ಪೇನಿ ಮತ್ತು ಮಿನಿಕಾಯ್ ಕಣ್ಣೂರಿನವರ ಬಳಿಯೇ ಉಳಿದವು. ಒಂದೇ ಸಮುದ್ರದ ದ್ವೀಪಗಳು ಹೀಗೆ ಎರಡು ಪಾಲಾದವು. ಆದರೆ ಕತ್ತದ ಏಕಸ್ವಾಮ್ಯವನ್ನು ಕಂಪನಿಯೂ ಬಿಡಲಿಲ್ಲ. ಅಮಿನಿಯವರು ಕತ್ತವನ್ನು ಮಂಗಳೂರಿನ ಸರಕಾರಿ ಉಗ್ರಾಣಕ್ಕೆ ಹಾಕಬೇಕು, ಅದರ ಬೆಲೆಯನ್ನು ನಿಗದಿತ ದರದಲ್ಲಿ ಬಹುಮಟ್ಟಿಗೆ ಅಕ್ಕಿಯ ರೂಪದಲ್ಲಿ ಪಡೆಯಬೇಕು. ತಕ್ಕಡಿ ಸರಕಾರದ್ದು, ಅಕ್ಕಿಯ ಅಳತೆಯೂ ಸರಕಾರದ್ದು. ಒಯ್ಯುವ ಗಂಟು ಎಷ್ಟು ದೊಡ್ಡದಿರಬೇಕು ಎಂಬುದು ಒಯ್ಯುವವನ ಕೈಯಲ್ಲಿರಲಿಲ್ಲ. ಕಣ್ಣೂರಿನ ದ್ವೀಪಗಳ ಪಾಡಿಗಿಂತ ಇದು ಮೇಲಿತ್ತು ಎಂದು ಹೇಳುವವರಿದ್ದಾರೆ, ಒಪ್ಪುತ್ತೇನೆ. ಆದರೂ ಬೆವರು ಒಂದು ಕಡೆ, ಬೆಲೆ ಇನ್ನೊಂದು ಕಡೆ ಎಂಬ ಏರ್ಪಾಡನ್ನು ನ್ಯಾಯ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಅಮಿನಿಯಲ್ಲಿ ಸರಕಾರದ ಪರವಾಗಿ ಮಣೇಗಾರ ಎಂಬ ಅಧಿಕಾರಿ ಇರುತ್ತಿದ್ದ. ಉಳಿದ ದ್ವೀಪಗಳಲ್ಲಿ ಲೆಕ್ಕ ಬರೆಯಲು ಕರಣಿಗಳು. ಆದರೆ ಲೆಕ್ಕಕ್ಕೆ ಸಿಗದ ನಷ್ಟಗಳೂ ಇದ್ದವು. ಇಲಿಗಳ ಕಾಟ ವಿಪರೀತ. ಅವು ತೆಂಗಿನ ಮರದ ತಲೆಯಲ್ಲೇ ಗೂಡು ಮಾಡಿ ಎಳೆಗಾಯಿ ಕೊರೆಯುತ್ತಿದ್ದವು. ಊರಿನ ಗಂಡಸರೆಲ್ಲ ಒಟ್ಟಾಗಿ ಇಲಿ ಬೇಟೆಗೆ ಹೊರಡುವ ಕಟ್ಟುಪಾಡೇ ಇತ್ತು. ಮರದ ಮೇಲೆ ಕಾಯಿ ತಿಂದ ಇಲಿ ಮನೆಯೊಳಗೆ ಅಕ್ಕಿಯನ್ನು ಬಿಟ್ಟೀತೆ? 1847ರ ಏಪ್ರಿಲ್‌ನಲ್ಲಿ ಕಲ್ಪೇನಿ, ಆಂಡ್ರೋತ್ ದಾಟಿ ಕಿಲ್ತಾನಿನವರೆಗೆ ಬೀಸಿದ ಚಂಡಮಾರುತ ತೆಂಗುಗಳನ್ನು ನೆಲಕ್ಕೊರಗಿಸಿತು. ಅದರ ಹಾನಿ ನೋಡಿ ವರದಿ ಬರೆಯಲು ವಿಲಿಯಂ ರಾಬಿನ್ಸನ್ ಎಂಬ ಅಧಿಕಾರಿ ಹೋಗಿದ್ದ. ಬಿದ್ದ ತೆಂಗಿನ ಜಾಗಕ್ಕೆ ಸಸಿ ನೆಟ್ಟರೆ ಫಸಲಿಗೆ ಹಲವು ವರ್ಷ. ಫಸಲಿಲ್ಲದೆ ಸಿಪ್ಪೆಯಿಲ್ಲ, ಸಿಪ್ಪೆಯಿಲ್ಲದೆ ಕತ್ತವಿಲ್ಲ, ಕತ್ತವಿಲ್ಲದೆ ಅಕ್ಕಿಯಿಲ್ಲ.

1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಬಂತು, ಅಮಿನ್‌ದೀವಿ ಹೊಸ ಕೇಂದ್ರಾಡಳಿತ ಪ್ರದೇಶಕ್ಕೆ ಹೋಯಿತು. ಅದರ ಕಚೇರಿ ಮೊದಲು ಕೋಝಿಕ್ಕೋಡಿನಲ್ಲಿ, 1964ರಿಂದ ಕವರತ್ತಿಯಲ್ಲಿ. 1973ರಲ್ಲಿ ಲಕ್ಷದ್ವೀಪ ಎಂಬ ಹೆಸರಾಯಿತು. ಕಾಗದದ ನಂಟು ಕಡಿದರೂ ಅಕ್ಕಿಯ ನಂಟು ಕಡಿಯಲಿಲ್ಲ. ಅಪ್ಪನ ಪುಸ್ತಕದಲ್ಲಿ ಅಕ್ಕಿಯ ಕೆಳಗೆ ಒಣಮೆಣಸು, ಹುಣಸೆ, ಕೊತ್ತಂಬರಿ, ಈರುಳ್ಳಿ, ಸಕ್ಕರೆ, ಚಹಾಪುಡಿ, ಅಡಿಕೆ, ಹೊಗೆಸೊಪ್ಪು, ಚಿಮಿಣಿ ಎಣ್ಣೆ, ಬೆಂಕಿಪೆಟ್ಟಿಗೆ ಎಂದು ಸಾಲು ಇಳಿಯುತ್ತಿತ್ತು. ಆ ಹೊತ್ತಿಗೆ ಮುಡಿಯ ಜಾಗಕ್ಕೆ ಗೋಣಿ ಬಂದಿತ್ತು. ದ್ವೀಪಕ್ಕೆ ಹೋಗುವ ಚೀಲಕ್ಕೆ ಅವರು ಎರಡು ಪದರ ಗೋಣಿ ಹಾಕಿಸಿ, ದಬ್ಬಳದಲ್ಲಿ ಒತ್ತೊತ್ತಾಗಿ ಹೊಲಿಸುತ್ತಿದ್ದರು. ಮೆಣಸು ತಗಡಿನ ಡಬ್ಬಕ್ಕೆ, ಹೊಗೆಸೊಪ್ಪು ಅಡಿಕೆ ಹಾಳೆಯೊಳಗೆ. "ಘಟ್ಟದ ಮೇಲಿನವರ ಚೀಲ ಹರಿದರೆ ದಾರಿಯಲ್ಲಿ ಅಂಗಡಿ ಉಂಟು, ಇವರದ್ದು ಹರಿದರೆ ಸಮುದ್ರ" ಎಂದು ಹಮಾಲರಿಗೆ ಹೇಳುತ್ತಿದ್ದರು. ಬೇಸಗೆ ಬಂತೆಂದರೆ ಮಂಡಿಯಲ್ಲಿ ಉಸಿರಾಡಲು ಬಿಡುವಿಲ್ಲ. ಮಳೆಗಾಲಕ್ಕೆ ಮುಂಚೆ ಸಣ್ಣ ನೌಕೆಗಳ ಓಡಾಟ ನಿಲ್ಲುತ್ತದೆ, ಮತ್ತೆ ಶುರುವಾಗುವುದು ಸೆಪ್ಟೆಂಬರಿನಲ್ಲಿ. ಅಷ್ಟೂ ತಿಂಗಳ ದಿನಸಿ ಅದರೊಳಗೆ ದಾಟಿಬಿಡಬೇಕು. ಈಗಲೂ ಹಳೆ ಬಂದರಿನ ದಕ್ಕೆಯಲ್ಲಿ ಮಂಜಿ ಎಂಬ ಸರಕು ದೋಣಿಗಳಿಗೆ ಅಕ್ಕಿ, ತರಕಾರಿಯ ಜೊತೆಗೆ ಜಲ್ಲಿ, ಸಿಮೆಂಟು ಏರುತ್ತಿರುತ್ತದೆ. 2024ರ ಮೇ ತಿಂಗಳಲ್ಲಿ ವೇಗದ ಪ್ರಯಾಣಿಕ ನೌಕೆಯೊಂದು ಸುಮಾರು ಏಳು ಗಂಟೆಯಲ್ಲಿ ಲಕ್ಷದ್ವೀಪದಿಂದ ಇದೇ ಬಂದರಿಗೆ ಬಂದಾಗ ಹಳಬರು ಕೆಲವರು ದಕ್ಕೆಗೆ ಹೋಗಿ ನಿಂತಿದ್ದರು.

ಆದ್ದರಿಂದ ಅಳಿಯನಿಗೆ ನಾನು ಕೊಟ್ಟ ಪಟ್ಟಿ ಸ್ವಲ್ಪ ಬೇರೆ. ಮೊದಲು ಪ್ರವೇಶ ಪರವಾನಗಿ, ಅದಿಲ್ಲದೆ ಹೊರಗಿನವರಿಗೆ ಅಲ್ಲಿ ಕಾಲಿಡಲು ಬರುವುದಿಲ್ಲ. ದಿನಾ ತೆಗೆದುಕೊಳ್ಳುವ ಮಾತ್ರೆಗಳನ್ನು ಬೇಕಾದ್ದಕ್ಕಿಂತ ಹೆಚ್ಚೇ ಇಟ್ಟುಕೋ, ನೌಕೆ ತಡವಾದರೆ ಕಷ್ಟ. ಕೈಯಲ್ಲಿ ನಗದು ಇರಲಿ. ಹವಳದ ಚೂರು ಅಂಗಾಲು ಕೊಯ್ಯುತ್ತದೆ, ನೀರಿಗಿಳಿಯುವ ಗಟ್ಟಿ ಚಪ್ಪಲಿ ಬೇಕು. ಬಿಸಿಲಿಗೆ ಕ್ರೀಮಿಗಿಂತ ತೋಳು ಮುಚ್ಚುವ ಹತ್ತಿ ಅಂಗಿ ಮತ್ತು ಟೊಪ್ಪಿ ಮೇಲು, ಹವಳಕ್ಕೂ ಅದೇ ಕ್ಷೇಮ. 1998, 2010, 2016ರಲ್ಲಿ ಸಮುದ್ರ ಬಿಸಿಯೇರಿ ಅಲ್ಲಿನ ಹವಳ ಬಿಳಿಚಿಕೊಂಡು ಸತ್ತಿದೆ, ಇನ್ನಷ್ಟು ಪೆಟ್ಟು ಬೇಡ. ಪ್ಲಾಸ್ಟಿಕ್ ಒಯ್ದರೆ ಅಷ್ಟನ್ನೂ ವಾಪಸು ತಾ, ಅಲ್ಲಿ ಅದನ್ನು ಹೂಳುವ ನೆಲವೂ ಇಲ್ಲ. ಸಿಹಿನೀರನ್ನು ಲೆಕ್ಕವಿಟ್ಟು ಬಳಸು. ಕವರತ್ತಿಯಲ್ಲಿ 2005ರಿಂದ ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರ ನಡೆಯುತ್ತಿದೆ, ಆದರೂ ಬಾವಿಯ ಆ ತೆಳು ಪದರದ ಬೆಲೆ ಕಡಿಮೆಯಾಗಿಲ್ಲ. ಮದ್ಯ ಒಯ್ಯಬೇಡ, ಅಲ್ಲಿ ನಿಷೇಧ.

ಬರುವಾಗ ಹವಳ ಹೆಕ್ಕಿ ತರಬೇಡ ಎಂದೂ ಹೇಳಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ತರುವುದಾದರೆ ತೆಂಗಿನಕಾಯಿಯಿಂದ ಮಾಡಿದ ದ್ವೀಪದ ಉಂಡೆ ತಾ, ಒಣಗಿಸಿದ ಸೂರೆ ಮೀನು ತಾ, ಸಿಕ್ಕಿದರೆ ಕೈಯಲ್ಲಿ ಹೊಸೆದ ಕತ್ತದ ಹುರಿಯ ಒಂದು ಕಟ್ಟು ತಾ. ಚೌಕಾಸಿ ಮಾಡಬೇಡ ಮಾರಾಯ, ಅವರು ಎಷ್ಟು ಹೇಳುತ್ತಾರೋ ಅಷ್ಟು ಕೊಟ್ಟು ಬಾ. ಆ ಹುರಿಗೆ ಬಹಳ ಕಾಲ ಬೆಲೆ ಕಟ್ಟಿದ್ದು ಅದನ್ನು ಹೊಸೆದವರಲ್ಲ, ನಮ್ಮ ದಡದವರು.