ಮುಚ್ಚಿದ ನಾಳ ತೆರೆದ ಬಗೆ

ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ಕೊರೊನರಿ ನಾಳ ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿಹೋದಾಗ ಹೃದಯಾಘಾತವಾಗುತ್ತದೆ. ಅಸ್ಥಿರ ಆಂಜೈನಾದಲ್ಲಿ ನಾಳ ಸಾಮಾನ್ಯವಾಗಿ ಪೂರ್ತಿ ಮುಚ್ಚಿರುವುದಿಲ್ಲ, ಆದರೂ ಸುಮ್ಮನೆ ಕೂತಿದ್ದಾಗಲೇ ಎದೆನೋವು ಬರುತ್ತದೆ, ಆಘಾತದ ಭಯ ಬೆನ್ನಿಗಿರುತ್ತದೆ. ಎರಡರಲ್ಲೂ ಇಂದು ಅಗತ್ಯವಿದ್ದವರಿಗೆ ಮಣಿಕಟ್ಟಿನಿಂದಲೋ ತೊಡೆಸಂದಿನಿಂದಲೋ ಕ್ಯಾತಿಟರ್ ಎಂಬ ತೆಳು ನಳಿಕೆ ತೂರಿಸಿ, ಬಲೂನು ಉಬ್ಬಿಸಿ, ನಾಳವನ್ನು ತೆರೆದಿಡುವ ಸ್ಟೆಂಟ್ ಎಂಬ ಜಾಲರಿ ಕೊಳವೆ ಕೂರಿಸುತ್ತಾರೆ.

1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆಯಲ್ಲಿ ವರ್ನರ್ ಫೋರ್ಸ್‌ಮನ್ ಎಂಬ ಎಳೆಯ ವೈದ್ಯ ತನ್ನದೇ ತೋಳಿನ ರಕ್ತನಾಳದಿಂದ ಹೃದಯದವರೆಗೆ ನಳಿಕೆ ತೂರಿಸಿಕೊಂಡು ಎಕ್ಸ್‌ರೇ ತೆಗೆಸಿದ. ಅದಕ್ಕೆ ನೊಬೆಲ್ ಬಂದದ್ದು 1956ರಲ್ಲಿ. 1958ರಲ್ಲಿ ಅಮೆರಿಕದ ಮೇಸನ್ ಸೋನ್ಸ್ ನಡೆಸುತ್ತಿದ್ದ ಪರೀಕ್ಷೆಯಲ್ಲಿ ಬಣ್ಣದ ದ್ರವ ಆಕಸ್ಮಿಕವಾಗಿ ಕೊರೊನರಿ ನಾಳಕ್ಕೇ ಹರಿಯಿತು. ನಾಳದ ಒಳಗನ್ನು ಎಕ್ಸ್‌ರೇಯಲ್ಲಿ ತೋರಿಸುವ ಆಂಜಿಯೋಗ್ರಾಮ್ ಬೆಳೆದದ್ದು ಅಲ್ಲಿಂದ. 1977ರ ಸೆಪ್ಟೆಂಬರ್ 16ರಂದು ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರೂನ್‌ಟ್ಸಿಗ್ ಎಚ್ಚರವಾಗಿದ್ದ ರೋಗಿಯ ಕೊರೊನರಿ ನಾಳವನ್ನು ಬಲೂನಿನಿಂದ ಹಿಗ್ಗಿಸಿದರು. ಇದೇ ಆಂಜಿಯೋಪ್ಲಾಸ್ಟಿ.

ಆಗಲೂ ಆಘಾತದ ಹೊತ್ತಿನಲ್ಲಿ ನಳಿಕೆ ಹಾಕಲು ವೈದ್ಯರು ಅಂಜುತ್ತಿದ್ದರು. ಹೆಪ್ಪುಗಟ್ಟಿದ ರಕ್ತ ಆಘಾತಕ್ಕೆ ಕಾರಣವೋ ಪರಿಣಾಮವೋ ಎಂಬ ವಾದವೇ ಮುಗಿದಿರಲಿಲ್ಲ. 1980ರಲ್ಲಿ ಮಾರ್ಕಸ್ ಡಿವುಡ್ ಮತ್ತು ಸಂಗಡಿಗರು ಆಘಾತವಾದ ಮೊದಲ ಗಂಟೆಗಳಲ್ಲೇ ಆಂಜಿಯೋಗ್ರಾಮ್ ಮಾಡಿ, ಬಹುಪಾಲು ರೋಗಿಗಳಲ್ಲಿ ನಾಳ ಪೂರ್ತಿ ಮುಚ್ಚಿರುವುದನ್ನು ತೋರಿಸಿದರು. ಇಡೀ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವಿಲ್ಲ. ಮುಚ್ಚಿದ್ದನ್ನು ಬೇಗ ತೆರೆಯಬೇಕು ಎಂಬುದು ಚಿಕಿತ್ಸೆಯ ಗುರಿಯಾಯಿತು. 1986ರಲ್ಲಿ ಮನುಷ್ಯರಿಗೆ ಮೊದಲ ಕೊರೊನರಿ ಸ್ಟೆಂಟ್ ಹಾಕಲಾಯಿತು. 1993ರಲ್ಲಿ ಬಂದ ಅಧ್ಯಯನಗಳು ಹೆಪ್ಪು ಕರಗಿಸುವ ಮದ್ದಿಗಿಂತ ತಕ್ಷಣದ ಆಂಜಿಯೋಪ್ಲಾಸ್ಟಿ ಮೇಲೆಂದು ತೋರಿಸಿದವು. ಅಸ್ಥಿರ ಆಂಜೈನಾದಲ್ಲಿ ಹೆಚ್ಚು ಅಪಾಯದಲ್ಲಿರುವವರಿಗೆ ಬೇಗನೆ ಆಂಜಿಯೋಗ್ರಾಮ್ ಮಾಡುವುದು ಒಳಿತೆಂದು ಸ್ಪಷ್ಟವಾದದ್ದು 1999ರಿಂದ 2001ರೊಳಗೆ.

ಭಾರತದಲ್ಲಿ 1986ರಲ್ಲಿ ಮ್ಯಾಥ್ಯೂ ಸ್ಯಾಮ್ಯುಯೆಲ್ ಕಲರಿಕ್ಕಲ್ ಚೆನ್ನೈನಲ್ಲಿ ಆಂಜಿಯೋಪ್ಲಾಸ್ಟಿಗೆ ನಾಂದಿ ಹಾಡಿದರು. ಕರ್ನಾಟಕದಲ್ಲಿ ಬಡವರಿಗೂ ಅದು ಎಟುಕಿದ್ದರಲ್ಲಿ ಬೆಂಗಳೂರಿನ ಜಯದೇವ ಸಂಸ್ಥೆಯ ಪಾಲು ದೊಡ್ಡದು. 2017ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಔಷಧಲೇಪಿತ ಸ್ಟೆಂಟಿನ ಬೆಲೆಗೆ ಸುಮಾರು 29,600 ರೂಪಾಯಿಯ ಮಿತಿ ಹಾಕಿದ್ದೂ ಬಡ ಮನೆಗಳಿಗೆ ನಿಜವಾದ ಆಸರೆ.

ದೊಡ್ಡ ನಗರಗಳಾಚೆಯ ಗಡಿಸೀಮೆಯನ್ನೂ ನೋಡೋಣ. ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ಬಿದ್ರಿ ದೂಧಗಂಗಾ–ವೇದಗಂಗಾ ಸಕ್ಕರೆ ಕಾರ್ಖಾನೆಯಿಂದ ಹೆಸರಾದ, ಕಬ್ಬಿನ ಸೀಮೆಯ ಊರು. ಉತ್ತರಕ್ಕೆ ಕೊಲ್ಹಾಪುರ, ಪೂರ್ವಕ್ಕೆ ಗಡಿಯಾಚೆ ಕರ್ನಾಟಕದ ನಿಪ್ಪಾಣಿ. ನಿಪ್ಪಾಣಿಯಿಂದ ಹೆದ್ದಾರಿ ಹಿಡಿದರೆ ಬೆಳಗಾವಿ. ಇಂಥ ಸೀಮೆಗೆ ಈ ಚಿಕಿತ್ಸೆ ತಲುಪಿದ್ದು ಉಪಕರಣಗಳಿಂದ ಎಷ್ಟೋ, ವಾಹನ ಮತ್ತು ವಿಮೆಯಿಂದಲೂ ಅಷ್ಟೇ. 108 ಆಂಬುಲೆನ್ಸ್ ಕರ್ನಾಟಕದಲ್ಲಿ 2008ರಲ್ಲಿ, ಮಹಾರಾಷ್ಟ್ರದಲ್ಲಿ 2014ರಲ್ಲಿ ಓಡತೊಡಗಿತು. ಕರ್ನಾಟಕದ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ, ಮಹಾರಾಷ್ಟ್ರದ ರಾಜೀವ್ ಗಾಂಧಿ ಜೀವನದಾಯಿ ಯೋಜನೆ 2012ರಲ್ಲಿ ಶುರುವಾದವು. ಎರಡನೆಯದಕ್ಕೆ ಈಗ ಮಹಾತ್ಮಾ ಜ್ಯೋತಿಬಾ ಫುಲೆ ಅವರ ಹೆಸರು. ಇವು ಆಯಾ ರಾಜ್ಯದವರಿಗೆಂದೇ ರೂಪಿಸಿದವು. ಒಂದು ರಾಜ್ಯದ ಕಾರ್ಡು ಇನ್ನೊಂದರಲ್ಲೂ ನಡೆಯುವ ಏರ್ಪಾಡು 2018ರ ಆಯುಷ್ಮಾನ್ ಭಾರತದೊಂದಿಗೆ ಬಂತು.

ನಾಳ ಮುಚ್ಚಿದ ಆಘಾತ ಇಸಿಜಿಯಲ್ಲಿ ಪತ್ತೆಯಾದ ಮೇಲೆ ಎರಡು ಗಂಟೆಯೊಳಗೆ, ನಳಿಕೆ ತೂರಿಸುವ ಕೋಣೆಯಾದ ಕ್ಯಾಥ್ ಲ್ಯಾಬಿನಲ್ಲಿ ನಾಳ ತೆರೆಯಲು ಆಗದಿದ್ದರೆ, ಹತ್ತಿರದ ಆಸ್ಪತ್ರೆಯಲ್ಲೇ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಟ್ಟು ಕಳಿಸುವುದು ಈಗಿನ ಕ್ರಮ. ಹೆಪ್ಪು ಕರಗಿದರೂ ಸಾಮಾನ್ಯವಾಗಿ ಒಂದು ದಿನದೊಳಗೆ ಆಂಜಿಯೋಗ್ರಾಮ್ ಮಾಡುತ್ತಾರೆ; ಕರಗದಿದ್ದರೆ ಕೂಡಲೇ ನಳಿಕೆ ತೂರಿಸುತ್ತಾರೆ. ನಟ ಪುನೀತ್ ರಾಜ್‌ಕುಮಾರ್ ಹೆಸರಿನ ಕರ್ನಾಟಕದ ಹೃದಯ ಜ್ಯೋತಿ ಯೋಜನೆ ತಾಲ್ಲೂಕು ಆಸ್ಪತ್ರೆಗಳನ್ನು ದೊಡ್ಡ ಹೃದ್ರೋಗ ಕೇಂದ್ರಗಳಿಗೆ ಜೋಡಿಸಿ, ಈ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಿದೆ.