ನೋಡೋಕೆ ಮಾಂಸದ ಮುದ್ದೆ, ಬಾಯಲ್ಲಿ ಕಬ್ಬಿಣದ ಹಲ್ಲು: ಇದು ಜಗತ್ತಿನ ಅತಿ ದೊಡ್ಡ ಕೈಟನ್

ಕುದುರೆಮುಖದಲ್ಲಿ 2005ರ ತನಕ ತೆಗೆಯುತ್ತಿದ್ದ ಕಬ್ಬಿಣದ ಅದಿರು ಮ್ಯಾಗ್ನೆಟೈಟ್. ಅದೇ ಖನಿಜವನ್ನು ಒಂದು ಸಮುದ್ರ ಜೀವಿ ತನ್ನ ಬಾಯೊಳಗೇ ತಯಾರು ಮಾಡಿಕೊಳ್ಳುತ್ತೆ ಅಂದ್ರೆ ನಂಬ್ತೀರಾ? ಅದರ ಹೆಸರು ಕೈಟನ್. ಕೈಟನ್‌ಗಳಲ್ಲೇ ಅತಿ ದೊಡ್ಡದು ಕ್ರಿಪ್ಟೊಕೈಟನ್ ಸ್ಟೆಲ್ಲೆರಿ.

ಎಲ್ಲಿ ಸಿಗುತ್ತೆ?
ನಮ್ಮ ಅರಬ್ಬಿ ಸಮುದ್ರದಲ್ಲಿ ಇದಿಲ್ಲ. ಇದಕ್ಕೆ ತಣ್ಣೀರೇ ಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದಿಂದ ಅಲಾಸ್ಕಾ, ಅಲ್ಲಿಂದ ರಷ್ಯಾದ ಕಮ್ಚಟ್ಕಾ, ಉತ್ತರ ಜಪಾನ್ ತನಕ ಕಡಲ ಬಂಡೆಗಳ ಮೇಲೆ ವಾಸ. ಉದ್ದ 33 ಸೆಂ.ಮೀ., ಅಂದ್ರೆ ಒಂದು ಅಡಿಗಿಂತ ಜಾಸ್ತಿ. ತೂಕ 2 ಕೆ.ಜಿ. ದಾಟುತ್ತೆ.

ಯಾವ ಗುಂಪಿಗೆ ಸೇರಿದ್ದು?
ಮರುವಾಯಿ, ಬಸವನಹುಳು, ಬೊಂಡಾಸ್ ಇರುವ ಮೃದ್ವಂಗಿ ವಂಶಕ್ಕೇ ಇದೂ ಸೇರಿದ್ದು. ವರ್ಗ ಪಾಲಿಪ್ಲಾಕೊಫೊರಾ, ಅಂದರೆ ಹಲವು ಫಲಕ ಹೊತ್ತದ್ದು. ಗಣ ಕೈಟೊನಿಡಾ. ಕುಟುಂಬದ ವಿಷಯದಲ್ಲಿ ಮಾತ್ರ ಒಮ್ಮತ ಇಲ್ಲ. ಹಳೇ ಪಟ್ಟಿಗಳಲ್ಲಿ ಅಕಾಂಥೊಕೈಟೊನಿಡೇ ಅಂತಿದೆ, ಡಿಎನ್‌ಎ ನೋಡಿದವರು ಮೊಪಾಲಿಡೇ ಅಂತಾರೆ.

ಎಲ್ಲಾ ಕೈಟನ್‌ಗಳ ಬೆನ್ನ ಮೇಲೂ 8 ಚಿಪ್ಪುಗಳು ಸಾಲಾಗಿ ಇರುತ್ತವೆ. ಇದರಲ್ಲಿ ಮಾತ್ರ ದಪ್ಪ ಕೆಂಪು-ಕಂದು ಚರ್ಮ ಆ ಎಂಟನ್ನೂ ಪೂರ್ತಿ ಮುಚ್ಚಿಬಿಟ್ಟಿದೆ. ಗ್ರೀಕ್‌ನಲ್ಲಿ ಕ್ರಿಪ್ಟೊ ಅಂದರೆ ಅಡಗಿದ್ದು, ಹೆಸರು ಬಂದದ್ದೇ ಹಾಗೆ. ಸತ್ತ ಮೇಲೆ ಚಿಟ್ಟೆ ಆಕಾರದ ಬಿಳಿ ಚಿಪ್ಪುಗಳು ದಡಕ್ಕೆ ಬರುತ್ತವೆ. ಸ್ಟೆಲ್ಲೆರಿ ಅನ್ನೋದು 1741ರಲ್ಲಿ ಬೇರಿಂಗ್ ಜೊತೆ ಅಲಾಸ್ಕಾಗೆ ಹೋದ ಜರ್ಮನ್ ವಿಜ್ಞಾನಿ ಸ್ಟೆಲ್ಲರ್ ನೆನಪಿಗೆ. 1847ರಲ್ಲಿ ಇದನ್ನು ಮೊದಲು ವಿವರಿಸಿದವರು ಮಿಡೆನ್‌ಡಾರ್ಫ್.

ಹಲ್ಲಿನ ಗುಟ್ಟು
ಇದರ ಊಟ ಬಂಡೆಗೆ ಅಂಟಿದ ಪಾಚಿ, ಅದರಲ್ಲೂ ಕೆಂಪು ಪಾಚಿ. ಅದನ್ನು ಕೆರೆಯೋಕೆ ಬಾಯಲ್ಲಿ ಅರದ ಹಾಗಿರೋ ಒಂದು ಪಟ್ಟಿ, ಅದರ ತುಂಬಾ ಸಾಲು ಸಾಲು ಹಲ್ಲು. ಹಲ್ಲಿನ ತುದಿಗೆ ಮ್ಯಾಗ್ನೆಟೈಟ್ ಕವಚ. ಅಯಸ್ಕಾಂತ ಹಿಡಿದರೆ ಎಳೆಯುತ್ತೆ! ಅಂಗಡಿಯ ಕತ್ತಿ ಸವೆದರೆ ಸಾಣೆ ಹಿಡಿಸ್ತೀವಿ. ಇದಕ್ಕೆ ಸಾಣೆ ಬೇಡ. ಮುಂದಿನ ಸಾಲು ಸವೆದು ಉದುರಿದ ಹಾಗೆ ಹಿಂದಿನಿಂದ ಹೊಸ ಸಾಲು ಬರುತ್ತೆ.

ಕೈಟನ್ ಹಲ್ಲಲ್ಲಿ ಮ್ಯಾಗ್ನೆಟೈಟ್ ಇದೆ ಅಂತ 1962ರಲ್ಲಿ ತೋರಿಸಿದ್ದು ವಿಜ್ಞಾನಿ ಹೈಂಜ್ ಲೋವೆನ್‌ಸ್ಟಾಮ್. ಅಷ್ಟು ಗಟ್ಟಿ ತುದಿ ಮೆತ್ತಗಿನ ಬುಡಕ್ಕೆ ಮುರಿಯದೆ ಹೇಗೆ ನಿಲ್ಲುತ್ತೆ ಅನ್ನೋದು ಮುಂದಿನ ಪ್ರಶ್ನೆ. 2021ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ತಂಡ ಇದೇ ಜೀವಿಯ ಹಲ್ಲಿನ ಬುಡದಲ್ಲಿ ಸಾಂತಾಬಾರ್ಬರೈಟ್ ಅನ್ನೋ ಖನಿಜ ಕಂಡಿತು. ಅದುವರೆಗೆ ಅದು ಸಿಕ್ಕಿದ್ದು ಕಲ್ಲುಗಳಲ್ಲಿ ಮಾತ್ರ. ಇದನ್ನೇ ನೋಡಿ ಕಲಿತು ತಂಡದವರು 3ಡಿ ಪ್ರಿಂಟಿಂಗ್‌ಗೆ ಹೊಸ ಶಾಯಿಯನ್ನೂ ಮಾಡಿ ನೋಡಿದರು.

ಬಾಳು, ಅಪಾಯ
ಗಂಡು ಹೆಣ್ಣು ಬೇರೆ ಬೇರೆ. ಇದರ ಹೊಟ್ಟೆ ಕೆಳಗಿನ ಸಂದಿಯಲ್ಲಿ ಒಂದು ಜಾತಿಯ ಹುಳು ಬಾಡಿಗೆ ಇಲ್ಲದೆ ವಾಸ ಮಾಡೋದೂ ಉಂಟು. ಬೆಳವಣಿಗೆ ತುಂಬಾ ನಿಧಾನ, ಆಯಸ್ಸು 40 ವರ್ಷ ದಾಟಬಹುದು.

ಹಲ್ಲು ಕಬ್ಬಿಣದ್ದಾದರೂ ಹಿಡಿತ ಅಷ್ಟು ಗಟ್ಟಿ ಇಲ್ಲ. ಬೇರೆ ಕೈಟನ್‌ಗಳ ಹಾಗೆ ಬಂಡೆಗೆ ಕಚ್ಚಿಕೊಂಡು ಕೂರೋಕೆ ಇದಕ್ಕೆ ಆಗಲ್ಲ. ಬಿರುಗಾಳಿ ಬಂದರೆ ಕಿತ್ತು ದಡಕ್ಕೆ ಬೀಳುತ್ತೆ. ಮನುಷ್ಯ ಕಿತ್ತರೂ ಅಷ್ಟೇ. ಒಂದು ದೊಡ್ಡದು ಹೋದರೆ ಅಷ್ಟು ಬೆಳೆದ ಇನ್ನೊಂದು ಆ ಬಂಡೆಗೆ ಬರೋಕೆ ಹತ್ತಾರು ವರ್ಷ ಬೇಕು.