ಹಾರ್ನ್ ಭೂಶಿರ: ಮೂರನೆಯ ದಾರಿ

ಇದನ್ನು ಓದುವಾಗ ಅಟ್ಲಾಸನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ. ದಕ್ಷಿಣ ಅಮೆರಿಕದ ತುತ್ತತುದಿಯಲ್ಲಿ, ಸುಮಾರು 56 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ, ಚಿಲಿ ದೇಶಕ್ಕೆ ಸೇರಿದ ಪುಟ್ಟ ದ್ವೀಪವೊಂದಿದೆ. ಅದರ ದಕ್ಷಿಣದ ಅಂಚಿನಲ್ಲಿ ಸುಮಾರು 425 ಮೀಟರ್ ಎತ್ತರದ ಬಂಡೆಗುಡ್ಡ ಕಡಲಿಗೆ ಎದೆಯೊಡ್ಡಿ ನಿಂತಿದೆ. ಅದೇ ಹಾರ್ನ್ ಭೂಶಿರ.

ಇಂಥ ನಿರ್ಜನ ಬಂಡೆಯ ಬಳಿಗೆ ಯುರೋಪಿನ ಹಡಗುಗಳು ಏಕೆ ಬಂದವು? ಸಾಹಸಪ್ರವೃತ್ತಿಯಿಂದ ಎಂದು ಹೇಳಿಬಿಡುವುದು ಸುಲಭ. ವಾಸ್ತವದಲ್ಲಿ ಅದರ ಮೂಲ ಒಂದು ವ್ಯಾಪಾರದ ಜಗಳ.

1602ರಲ್ಲಿ ಸ್ಥಾಪನೆಯಾದ ಡಚ್ ಈಸ್ಟ್ ಇಂಡಿಯಾ ಕಂಪನಿಗೆ ಪೂರ್ವದೇಶಗಳ ವ್ಯಾಪಾರದ ಏಕಸ್ವಾಮ್ಯ ದೊರೆತಿತ್ತು. ಸಂಬಾರ ಪದಾರ್ಥಗಳ ನಾಡಿಗೆ ತಿಳಿದಿದ್ದ ಕಡಲದಾರಿಗಳು ಎರಡು: ಆಫ್ರಿಕದ ಗುಡ್‌ಹೋಪ್ ಭೂಶಿರ ಮತ್ತು ಅಮೆರಿಕದ ಮೆಗಲನ್ ಜಲಸಂಧಿ. ಕಂಪನಿಗೆ ಸೇರದ ಡಚ್ ವರ್ತಕರಿಗೆ ಎರಡೂ ನಿಷಿದ್ಧ. ಕಂಪನಿಯ ನಿರ್ದೇಶಕನಾಗಿದ್ದು ಮನಸ್ತಾಪದಿಂದ ಹೊರಬಿದ್ದಿದ್ದ ಇಸಾಕ್ ಲಮೇರ್ ಎಂಬ ವರ್ತಕ ಸನ್ನದನ್ನು ವಕೀಲನ ಕಣ್ಣಿನಿಂದ ಓದಿದ. ನಿಷೇಧವಿರುವುದು ಎರಡು ದಾರಿಗಳಿಗೆ, ಮೂರನೆಯದೊಂದು ಸಿಕ್ಕಿದರೆ? 1578ರಲ್ಲಿ ಬಿರುಗಾಳಿಗೆ ಸಿಕ್ಕಿ ದಕ್ಷಿಣಕ್ಕೆ ಸರಿದಿದ್ದ ಇಂಗ್ಲಿಷ್ ನಾವಿಕ ಡ್ರೇಕ್, ಅಲ್ಲಿ ತೆರೆದ ಕಡಲಿರಬಹುದೆಂಬ ಸುಳಿವು ಕೊಟ್ಟಿದ್ದ.

ಹೋರ್ನ್ ಪಟ್ಟಣದ ವರ್ತಕರು ಹಣ ಹೂಡಿದರು. 1615ರ ಜೂನ್‌ನಲ್ಲಿ ಎರಡು ಹಡಗುಗಳು ಹೊರಟವು. ನಾಯಕರು ಇಸಾಕನ ಮಗ ಯಾಕೋಬ್ ಮತ್ತು ವಿಲೆಮ್ ಸ್ಕೌಟನ್. ಒಂದು ಹಡಗು ಪೆಟಗೋನಿಯಾದ ದಡದಲ್ಲಿ ಸುಟ್ಟುಹೋಯಿತು. ಉಳಿದ ಹಡಗು 1616ರ ಜನವರಿ 29ರಂದು ಭೂಶಿರವನ್ನು ದಾಟಿತು. ಅದಕ್ಕೆ ಹೋರ್ನ್ ಪಟ್ಟಣದ ಹೆಸರನ್ನೇ ಇಟ್ಟರು. ಸ್ಪ್ಯಾನಿಷ್ ಬಾಯಲ್ಲಿ ಅದು ‘ಓರ್ನೋಸ್’, ಅಂದರೆ ‘ಒಲೆಗಳು’, ಆಯಿತು. ಆ ಕೊರೆಯುವ ಚಳಿಗೆ ಎಂಥ ಹೆಸರು! ಇದನ್ನು ‘ಶೋಧ’ ಎನ್ನುವಾಗ ತುಸು ಎಚ್ಚರವಿರಲಿ. ಮರದ ತೊಗಟೆಯ ದೋಣಿಗಳಲ್ಲಿ ಬೆಂಕಿ ಉರಿಸಿಕೊಂಡು ಯಾಗನ್ ಜನ ಈ ದ್ವೀಪಗಳ ನಡುವೆ ಬಹುಕಾಲದಿಂದ ಓಡಾಡುತ್ತಿದ್ದರು.

ಆದರೆ ಜಾವಾ ತಲುಪಿದಾಗ ಕಂಪನಿಯ ಅಧಿಕಾರಿ ಕೂನ್ ಹೊಸ ದಾರಿಯ ಮಾತನ್ನು ನಂಬಲೇ ಇಲ್ಲ. ಹಡಗನ್ನು ಜಪ್ತಿ ಮಾಡಿ ನಾವಿಕರನ್ನು ಊರಿಗೆ ಕಳಿಸಿದ. ಯಾಕೋಬ್ ದಾರಿಯಲ್ಲಿಯೇ ತೀರಿಕೊಂಡ. ತಂದೆ ವ್ಯಾಜ್ಯ ಹೂಡಿ ಗೆದ್ದ; ಮಗ ಮರಳಲಿಲ್ಲ.

ದಾರಿಯೇನೋ ತೆರೆಯಿತು, ಸುಲಭವಾಗಲಿಲ್ಲ. ಆ ಅಕ್ಷಾಂಶದಲ್ಲಿ ಪಶ್ಚಿಮದ ಗಾಳಿಗೆ ಅಡ್ಡವಾಗಿ ನೆಲವೇ ಇಲ್ಲ. ಭೂಮಿಯನ್ನು ಸುತ್ತಿಬರುವ ಅಲೆಗಳು ಸುಮಾರು 800 ಕಿಲೋಮೀಟರ್ ಅಗಲದ ಡ್ರೇಕ್ ಜಲಮಾರ್ಗದಲ್ಲಿ ಒತ್ತರಿಸಿ, ತೀರದ ಬಳಿ ಕಡಲು ಆಳ ಕಳೆದುಕೊಂಡಂತೆ ಕಡಿದಾಗಿ ಏಳುತ್ತವೆ. 1788ರಲ್ಲಿ ‘ಬೌಂಟಿ’ ಹಡಗಿನ ಬ್ಲೈ ಸುಮಾರು ಒಂದು ತಿಂಗಳು ಹೆಣಗಾಡಿ ಸೋತು, ಆಫ್ರಿಕದ ಕಡೆಗೆ ತಿರುಗಿದ. ಆದರೂ 1849ರ ಕ್ಯಾಲಿಫೋರ್ನಿಯಾದ ಚಿನ್ನದ ಆಸೆ, ಮುಂದೆ ಚಿಲಿಯ ನೈಟ್ರೇಟ್ ವ್ಯಾಪಾರ ಹಡಗುಗಳನ್ನು ಅಲ್ಲಿಗೇ ಎಳೆದವು. 1914ರಲ್ಲಿ ಪನಾಮಾ ಕಾಲುವೆ ತೆರೆದ ಮೇಲೆ ದಟ್ಟಣೆ ಇಳಿಯಿತು. 1949ರಲ್ಲಿ ‘ಪಾಮೀರ್’ ಎಂಬ ಹಾಯಿಹಡಗು ಧಾನ್ಯ ಹೇರಿಕೊಂಡು ದಾಟಿದ್ದೇ ಸರಕಿನ ಹಾಯಿಹಡಗುಗಳ ಪೈಕಿ ಕೊನೆಯದು.

2018ರ ಜನವರಿಯಲ್ಲಿ ನಮ್ಮ ನೌಕಾಪಡೆಯ ಆರು ಮಹಿಳೆಯರು, ಗೋವಾದಲ್ಲಿ ಕಟ್ಟಿದ ‘ತಾರಿಣಿ’ ಎಂಬ ಹಾಯಿದೋಣಿಯಲ್ಲಿ ಇದೇ ಭೂಶಿರವನ್ನು ಸುತ್ತಿಬಂದರು. ಅವರು ಪಶ್ಚಿಮದಿಂದ ಪೂರ್ವಕ್ಕೆ, ಗಾಳಿಯನ್ನು ಬೆನ್ನಿಗಿಟ್ಟುಕೊಂಡು ಸಾಗಿದರು. ಯಾಕೋಬ್ ಲಮೇರ್ ಹೋದದ್ದು ಅದರ ಎದುರಿಗೆ.